ಬಾಗಿಲು ತೆಗೆದವರು ಯಾರು?

ನಾವು ಬಿ.ಎ. ಓದುವಾಗ ಚರಿತ್ರೆಯ ಮೇಷ್ಟರೊಬ್ಬರಿದ್ದರು. ಒಳ್ಳೆ ಮಾತುಗಾರರು. ಒಂದು ದಿನ ಮಿಷನರಿಗಳ ಪಾಠ ಬಂತು. ಎರಡೇ ನಿಮಿಷದಲ್ಲಿ ಮುಗಿಸಿದರು. "ಬರಗಾಲದಲ್ಲಿ ಅವರು ಅನ್ನ ಹಾಕಿದರು, ಕೇರಿಯವರು ಹೋಗಿ ನೀರಲ್ಲಿ ಮುಳುಗಿ ಎದ್ದರು, ಅಷ್ಟೇ ಇದರ ಚರಿತ್ರೆ" ಅಂದರು. ಕ್ಲಾಸು ನಕ್ಕಿತು. ಹಿಂದಿನ ಬೆಂಚಲ್ಲಿ ಕೂತಿದ್ದ ಹಾಸ್ಟೆಲಿನ ನಾವು ನಾಲ್ಕು ಜನವೂ ನಕ್ಕೆವು. ಆಮೇಲೆ ಹಾಸ್ಟೆಲಿನಲ್ಲಿ ತಟ್ಟೆ ಹಿಡಿದು ಸಾಲಲ್ಲಿ ನಿಂತಾಗ ಆ ನಗು ಗಂಟಲಲ್ಲಿ ಸಿಕ್ಕಿಕೊಂಡಿತು. ನಾವು ಕಾಲೇಜಿಗೆ ಬಂದದ್ದು ಯಾತಕ್ಕೆ? ವಿದ್ಯೆಗೋ, ಹಾಸ್ಟೆಲಿನ ಮುದ್ದೆಗೋ? ನಮ್ಮ ಮನೆಯಲ್ಲಿ ಕೇಳಿದರೆ ಎರಡಕ್ಕೂ ಅಂತಾರೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಅವರಿಗೆ ಕಂಡಿಲ್ಲ.

ಹೊಟ್ಟೆ ತುಂಬಿದವನು ಗುಡಿ ಕಟ್ಟಿಸಿದರೆ ಯಾಕೆ ಕಟ್ಟಿಸಿದೆ ಅಂತ ಯಾರೂ ಕೇಳೋಲ್ಲ. ಹಸಿದವನು ಒಂದು ಹೊಸಲು ದಾಟಿದರೆ ಸಾಕು, ಯಾತಕ್ಕೆ ದಾಟಿದೆ ಅಂತ ಊರಿಗೆ ಊರೇ ತಕ್ಕಡಿ ಹಿಡಿದು ಬರುತ್ತದೆ. ಈ ತಕ್ಕಡಿಯ ಚರಿತ್ರೆ ತಿಳಿಯಬೇಕು ಅಂತ ನಾವು ಓದತೊಡಗಿದೆವು. ಹೊರಗೆ ನಿಂತವರನ್ನು ಚರ್ಚುಗಳು ಮಾತು ಬೆಳೆಸದೆ ಒಳಕ್ಕೆ ಕರೆದವೋ, ಇಲ್ಲಾ ಮೊದಲು ತೂಗಿ ನೋಡಿದವೋ? ಓದುತ್ತಾ ಹೋದಂತೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ತೆಲುಗು ಸೀಮೆಯ ಒಂಗೋಲು. ನಮ್ಮ ಕಡೆ ಆಂಧ್ರದ ಗಡಿಗೆ ಅಂಟಿಕೊಂಡ ಸೀಮೆ. ಹಟ್ಟಿಯಲ್ಲಿ ಮನೆಯೊಳಗೆ ತೆಲುಗು, ಹೊರಗೆ ಕನ್ನಡ. ಹಾಗಾಗಿ ಒಂಗೋಲಿನ ಮಾದಿಗರ ಕಥೆ ನಮಗೆ ಪರದೇಶದ್ದು ಅನ್ನಿಸಲಿಲ್ಲ, ನೆಂಟರ ಮನೆಯ ಸುದ್ದಿಯ ಹಾಗೆ ಕೇಳಿಸಿತು.

ಅಮೆರಿಕದ ಬ್ಯಾಪ್ಟಿಸ್ಟ್ ಮಿಷನ್ನಿನವರು ನೆಲ್ಲೂರಿಗೆ ಬಂದು ನೆಲೆ ನಿಂತದ್ದು 1840ರಲ್ಲಿ. ಈ ಬ್ಯಾಪ್ಟಿಸ್ಟರ ಮನೆ ಜಗಳವೊಂದನ್ನು ಇಲ್ಲೇ ಹೇಳಬೇಕು. ಗುಲಾಮರನ್ನು ಇಟ್ಟುಕೊಂಡವನು ಮಿಷನರಿಯಾಗಬಹುದೇ ಎಂಬ ಪ್ರಶ್ನೆಯ ಮೇಲೆ 1845ರಲ್ಲಿ ಅವರು ಉತ್ತರದವರು, ದಕ್ಷಿಣದವರು ಅಂತ ಒಡೆದು ಎರಡು ಹೋಳಾದರು. ನೆಲ್ಲೂರಿನ ಮಿಷನ್ ಉತ್ತರದವರ ಪಾಲಿನದು. ಅಂದರೆ ಇವರಿಗೆ ಮನುಷ್ಯನನ್ನು ಮನುಷ್ಯ ಕೊಂಡು ಮಾರೋದು ಪಾಪ ಎಂದು ಗೊತ್ತಿತ್ತು. ಇಲ್ಲಿಗೆ ಬಂದ ಮೇಲೆ ಜಾತಿ ಅನ್ನೋದು ಅದೇ ಪಾಪದ ಅಣ್ಣ ಅನ್ನೋದು ಗೊತ್ತಾಗೋದಕ್ಕೆ ಮಾತ್ರ ಹೊತ್ತು ಹಿಡಿಯಿತು.

ಆಗಿನ ಬಹುಪಾಲು ಮಿಷನರಿಗಳ ಲೆಕ್ಕಾಚಾರ ಹೀಗಿತ್ತು: ಮೊದಲು ಬ್ರಾಹ್ಮಣರು ಬರಲಿ, ಅವರ ಹಿಂದೆ ಉಳಿದವರು ತಾವಾಗಿ ಬರ್ತಾರೆ. ಕಲ್ಕತ್ತೆಯಲ್ಲಿ ಅಲೆಗ್ಸಾಂಡರ್ ಡಫ್ 1830ರಲ್ಲಿ ಇಂಗ್ಲಿಷ್ ಶಾಲೆ ತೆರೆದದ್ದು ಈ ನಂಬಿಕೆಯ ಮೇಲೆಯೇ. ನೀರು ಮೇಲಿಂದ ಕೆಳಕ್ಕೆ ಹರಿಯುತ್ತದೆ ಎಂಬ ನಂಬಿಕೆ. ನಮ್ಮ ಊರುಗಳಲ್ಲಿ ನೀರು ಮೇಲಿನ ಗದ್ದೆಯಲ್ಲೇ ನಿಂತುಬಿಡುತ್ತದೆ ಅನ್ನೋದು ಅವರಿಗೆ ಗೊತ್ತಿರಲಿಲ್ಲ. ನೆಲ್ಲೂರಿನ ಮಿಷನ್ ಎಷ್ಟು ಬಡಕಲಾಗಿತ್ತೆಂದರೆ 1853ರಲ್ಲಿ ಅದನ್ನು ಮುಚ್ಚಿಬಿಡೋಣ ಅಂತ ಅಮೆರಿಕದಲ್ಲಿ ಸಭೆ ಕೂತು ಚರ್ಚೆ ಮಾಡಿದರು. ನಕ್ಷೆಯಲ್ಲಿ ಒಂಟಿಯಾಗಿ ಕಾಣುವ ಆ ಕೇಂದ್ರಕ್ಕೆ ಒಂಟಿ ನಕ್ಷತ್ರ ಅಂತ ಹೆಸರು ಬಿತ್ತು. ಕರುಣೆಯ ಹೆಸರು, ಹೆಮ್ಮೆಯದಲ್ಲ.

ಆ ಮಿಷನ್ನಿಗೆ 1865ರಲ್ಲಿ ಬಂದು ಸೇರಿದವನು ಜಾನ್ ಎವರೆಟ್ ಕ್ಲೌ. ಪಾದ್ರಿಯಾಗುವ ಮುಂಚೆ ಜಮೀನು ಅಳೆಯುವ ಸರ್ವೆ ಕೆಲಸ ಮಾಡಿದ್ದವನು. ಈ ಸಂಗತಿ ಮುಂದೆ ಕೆಲಸಕ್ಕೆ ಬರುತ್ತದೆ, ನೆನಪಲ್ಲಿಡಿ. 1866ರಲ್ಲಿ ಒಂಗೋಲಿಗೆ ಹೋಗಿ ನೆಲೆಸಿದ.

ಅಲ್ಲಿಗೆ ಬಂದವನು ಯರ್ರಗುಂಟ್ಲ ಪೇರಯ್ಯ. ಒಂಗೋಲಿನಿಂದ ಪಶ್ಚಿಮಕ್ಕೆ ಸುಮಾರು 40 ಮೈಲಿ ದೂರದ ತಾಳ್ಳಕೊಂಡಪಾಡಿನ ಮಾದಿಗ. ತೊಗಲಿನ ವ್ಯಾಪಾರ. ಆದರೆ ಪೇರಯ್ಯನನ್ನು ಬರೀ ಚರ್ಮದ ವ್ಯಾಪಾರಿ ಅಂದುಕೊಂಡರೆ ನಾವೂ ಆ ಮೇಷ್ಟರ ಸಾಲಿಗೆ ಸೇರಿದ ಹಾಗೆ. ಆತ ಯೋಗ ಸಾಧನೆ ಮಾಡಿದ್ದವನು, ಕೇರಿಯಲ್ಲಿ ಗುರು ಅನ್ನಿಸಿಕೊಂಡವನು. ಆ ಸೀಮೆಯ ಕೇರಿಗಳಲ್ಲಿ ಗುಡಿಯ ಹೊರಗೆ, ಪುರೋಹಿತನ ಹಂಗಿಲ್ಲದೆ, ದೇವರನ್ನು ಹುಡುಕುವ ಗುರು ಪಂಥಗಳು ಹಲವಿದ್ದವು. ನಮ್ಮ ಕಡೆಯ ತತ್ವಪದದವರನ್ನು ಬಲ್ಲವರಿಗೆ ಇದು ಅರ್ಥವಾಗುತ್ತದೆ. ವ್ಯಾಪಾರಕ್ಕೆಂದು ಉತ್ತರದ ಕಡೆ ತಿರುಗುವಾಗ ಏಲೂರಿನಲ್ಲಿ ಒಬ್ಬ ಪಾದ್ರಿಯಿಂದ ಯೇಸುವಿನ ಮಾತು ಕೇಳಿದ್ದ. ಅದನ್ನು ತಲೆಯಲ್ಲಿಟ್ಟುಕೊಂಡು ತಿರುಗುತ್ತಿದ್ದವನು ಒಂಗೋಲಿಗೆ ಪಾದ್ರಿ ಬಂದಿದ್ದಾನೆ ಅಂತ ಕೇಳಿ ತಾನೇ ನಡೆದು ಬಂದ. ಜೊತೆಗೆ ಹೆಂಡತಿ ನಾಗಮ್ಮ. ಇಬ್ಬರಿಗೂ 1866ರಲ್ಲಿ ದೀಕ್ಷಾಸ್ನಾನವಾಯಿತು.

ಗಮನಿಸಬೇಕಾದದ್ದು ಇದು. ಆಗಿನ್ನೂ 1876ರ ಬರಗಾಲ ಬಂದಿರಲಿಲ್ಲ. ಗಂಜಿ ಕೇಂದ್ರ ಇರಲಿಲ್ಲ. ಯಾರೂ ಕರೆಯಲೂ ಇಲ್ಲ. 40 ಮೈಲಿ ನಡೆದು ಬಂದು ಬಾಗಿಲು ತಟ್ಟಿದವನು ನಮ್ಮವನು.

ಪೇರಯ್ಯ ಊರಿಗೆ ವಾಪಸು ಹೋಗಿ ಸುಮ್ಮನೆ ಕೂರಲಿಲ್ಲ. 1867ರ ಜನವರಿಯಲ್ಲಿ ಕ್ಲೌ ಅಲ್ಲಿಗೆ ಹೋದಾಗ ಸುತ್ತಲ ಹಳ್ಳಿಗಳ ಗಂಡಸರು ಹೆಂಗಸರು ಬುತ್ತಿಗಂಟು ಕಟ್ಟಿಕೊಂಡು ಬಂದು ಹುಣಸೆ ತೋಪಿನಲ್ಲಿ ಕೂತಿದ್ದರು. ಬುತ್ತಿ ಅವರದೇ. ಐದು ದಿನ ಅಲ್ಲೇ ಇದ್ದು ಕೇಳಿದರು, ಕೊನೆಗೆ 28 ಜನ ನೀರಿಗಿಳಿದರು. ಅನ್ನಕ್ಕೆ ಹೋದವರು ಅಂತ ಈಗಲೂ ಹೇಳುವವರು ಆ ಬುತ್ತಿಗಂಟನ್ನು ಸ್ವಲ್ಪ ನೋಡಬೇಕು.

ಇಕ್ಕಟ್ಟು ಶುರುವಾದದ್ದು ಇಲ್ಲಿಂದ. ಒಂಗೋಲು ಪೇಟೆಯ ಮೇಲುಜಾತಿಯವರೂ ಕ್ಲೌ ಹತ್ತಿರ ಬಂದು ಹೋಗುತ್ತಿದ್ದರು. ಅವರಿಗೆ ಶಾಲೆ ಬೇಕಿತ್ತು, ಇಂಗ್ಲಿಷ್ ಬೇಕಿತ್ತು. ಮಾತು ಕೇಳುತ್ತಿದ್ದರು, ಮರ್ಯಾದೆ ಕೊಡುತ್ತಿದ್ದರು. ಪಾದ್ರಿಗೂ ಖುಷಿ. ಅಷ್ಟರಲ್ಲಿ ಮಾದಿಗರು ಬರತೊಡಗಿದರು. ಮೇಲಿನವರು ನೇರವಾಗಿಯೇ ಹೇಳಿದರು: ಇವರನ್ನು ಸೇರಿಸಿಕೊಂಡರೆ ನಾವು ಬರೋದಿಲ್ಲ. (ಅವರು ಯಾತಕ್ಕೆ ಬರುತ್ತಿದ್ದರು ಅಂತ ಯಾವ ತಕ್ಕಡಿಯೂ ಕೇಳಿದ್ದು ನಾವು ಓದಿಲ್ಲ.)

ಕ್ಲೌ ತಾನೇ ಬರೆದಿಟ್ಟಿರುವ ಪ್ರಕಾರ ಆತ ನಿಜಕ್ಕೂ ಗೊಂದಲಕ್ಕೆ ಬಿದ್ದ. ಯಾರನ್ನು ಕಳೆದುಕೊಳ್ಳೋದು? ಕಚೇರಿಯಲ್ಲಿ ಕೂತು ಕೈಗೆ ಸಿಕ್ಕ ಹೊಸ ಒಡಂಬಡಿಕೆ ತೆರೆದ. ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರಿಕೆಯ ಮೊದಲ ಅಧ್ಯಾಯ ಸಿಕ್ಕಿತು. ಲೋಕ ಕೀಳೆಂದು ತಳ್ಳಿದವರನ್ನೇ ದೇವರು ಆರಿಸಿಕೊಂಡ ಎಂದು ಹೇಳುವ ಭಾಗ. ಎದ್ದು ಮನೆಯೊಳಕ್ಕೆ ಹೋದರೆ ಹೆಂಡತಿ ಹ್ಯಾರಿಯೆಟ್ ಕೂಡ ಅದೇ ಪುಟ ತೆರೆದು ಕೂತಿದ್ದಳಂತೆ. ಪವಾಡ ಅಂತ ಅವರು ನಂಬಿದರು. ನಮಗೆ ಪವಾಡಗಳಲ್ಲಿ ನಂಬಿಕೆ ಕಡಿಮೆ. ಆದರೂ ಒಂದು ಮಾತು ಒಪ್ಪಬೇಕು. ಆ ಪುಟ ಎಲ್ಲಾ ಮಿಷನರಿಗಳ ಪುಸ್ತಕದಲ್ಲೂ ಇತ್ತು. ಅದನ್ನು ಓದಿದ ಮೇಲೆ ಮೇಲುಜಾತಿಯವರನ್ನು ಕಳೆದುಕೊಂಡರೂ ಸರಿ ಅಂತ ನಿರ್ಧಾರ ಮಾಡಿದವರು ಕಡಿಮೆ. ಕ್ಲೌ ಮಾಡಿದ. ಮಾದಿಗರು ಒಳಗೆ ಬಂದರು, ಮೇಲಿನವರು ಎದ್ದು ಹೋದರು.

ಇದು ಎಷ್ಟು ದೊಡ್ಡ ತೀರ್ಮಾನ ಅಂತ ಗೊತ್ತಾಗಬೇಕಾದರೆ ಪಕ್ಕದ ತಮಿಳು ಸೀಮೆಯಲ್ಲಿ ಏನಾಗಿತ್ತು ಅಂತ ನೋಡಬೇಕು. ಅಲ್ಲಿ ಪ್ರೊಟೆಸ್ಟಂಟ್ ಮಿಷನ್ ಶುರುವಾದದ್ದು 1706ರಲ್ಲಿ, ಡೇನಿಷರ ತರಂಗಂಬಾಡಿಯಲ್ಲಿ. 1718ರಲ್ಲಿ ಕಟ್ಟಿದ ಅಲ್ಲಿನ ಚರ್ಚಿನ ಹೆಸರು ಹೊಸ ಜೆರುಸಲೇಮ್. ಒಳಗೆ ಹೋದರೆ ಹಳೇ ಊರೇ. ಶೂದ್ರ ಕ್ರೈಸ್ತರಿಗೆ ಒಂದು ಜಾಗ, ಪರೆಯ ಕ್ರೈಸ್ತರಿಗೆ ಇನ್ನೊಂದು ಜಾಗ. ಹೀಗೆ ನೂರು ವರ್ಷಕ್ಕೂ ಮೀರಿ ನಡೆಯಿತು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಚರ್ಚಿನೊಳಗೆ ಜಾತಿ ಇರಕೂಡದು, ಈಗಲೇ ಬಿಡಬೇಕು ಅಂತ ಪತ್ರ ಬರೆದಾಗ ತಂಜಾವೂರು, ವೇಪೇರಿಗಳ ವೆಳ್ಳಾಳ ಕ್ರೈಸ್ತರಲ್ಲಿ ಅನೇಕರು ಚರ್ಚನ್ನೇ ಬಿಟ್ಟು ಹೊರಟರು. ಯೇಸುವನ್ನು ಬಿಟ್ಟೇವು, ಪರೆಯನ ಪಕ್ಕ ಕೂರೆವು! ಅವರ ಪರವಾಗಿ ನಿಂತು ವಾದ ಮಾಡಿದವನು ವೇದನಾಯಕ ಶಾಸ್ತ್ರಿ, ತಂಜಾವೂರಿನ ದೊಡ್ಡ ಕ್ರೈಸ್ತ ಕವಿ. ಕವಿಗಳಾದ ನಮಗೆ ಇದನ್ನು ಓದುವಾಗ ಹೊಟ್ಟೆಯಲ್ಲಿ ಸಂಕಟವಾಯಿತು. ದೇವರ ಪ್ರೀತಿಯ ಮೇಲೆ ಅಷ್ಟೊಂದು ಹಾಡು ಕಟ್ಟಿದವನಿಗೆ ಪಕ್ಕದ ಚಾಪೆ ಕಾಣಲಿಲ್ಲ.

ಕ್ಯಾಥೊಲಿಕರದೂ ಬೇರೆ ಕಥೆಯಲ್ಲ. ತಿರುನೆಲ್ವೇಲಿಯ ವಡಕ್ಕನ್‌ಕುಳಂನಲ್ಲಿ 1872ರಲ್ಲಿ ಎದ್ದ ಚರ್ಚಿಗೆ ಒಂದೇ ಬಲಿಪೀಠ, ಎರಡು ಒಳಾಂಗಣ. ವೆಳ್ಳಾಳರು ಒಂದು ಕಡೆ, ನಾಡಾರರು ಇನ್ನೊಂದು ಕಡೆ, ನಡುವೆ ಗೋಡೆ. ಪಾದ್ರಿ ಇಬ್ಬರಿಗೂ ಕಾಣ್ತಾನೆ, ಇವರು ಅವರಿಗೆ ಕಾಣೋದಿಲ್ಲ. ಆ ಗೋಡೆ ಬಿದ್ದದ್ದು 1910ರಲ್ಲಿ, ಅದೂ ಜಗಳವಿಲ್ಲದೆ ಅಲ್ಲ. ಇಷ್ಟೆಲ್ಲಾ ನೋಡಿದ ಮೇಲೆ ಒಂಗೋಲಿನ ನಿರ್ಧಾರ ಸಣ್ಣದು ಅಂತ ಹೇಳಲು ನಮಗೆ ಬಾಯಿ ಬರೋದಿಲ್ಲ. ಎಲ್ಲರನ್ನೂ ಪ್ರೀತಿಸುತ್ತೇವೆ ಅನ್ನೋದು ಸುಲಭ. ಆ ಪ್ರೀತಿಗಾಗಿ ಯಾರ ಸಹವಾಸ ಬಿಡಲು ತಯಾರಿದ್ದೀರಿ ಅಂತ ಕೇಳಿದಾಗ ಬಾಯಿ ಕಟ್ಟುತ್ತದೆ.

ಈಗ ಒಳಗೆ ಬಂದವರ ಮಾತು. ಒಂಗೋಲಿನ ಮಿಷನ್ ಬಂದವರಿಗೆ ದೊಡ್ಡ ಪರೀಕ್ಷೆ ಇಡಲಿಲ್ಲ. ಪ್ರಶ್ನೋತ್ತರ ಬಾಯಿಪಾಠ ಮಾಡಿ ಒಪ್ಪಿಸು ಅನ್ನಲಿಲ್ಲ. ಕೇರಿಯ ಹಿರಿಯರು, ಕೇರಿಯಿಂದಲೇ ಬಂದ ಉಪದೇಶಿಗಳು ಇವನು ನಿಜವಾಗಿ ನಂಬಿದ್ದಾನೆ ಅಂದರೆ ಆಯ್ತು. ಆದರೆ ಮೂರು ಮಾತು ಕೇಳಿತು. ಭಾನುವಾರ ಕೆಲಸ ಮಾಡಬೇಡ. ಸತ್ತ ದನದ ಮಾಂಸ ತಿನ್ನಬೇಡ. ವಿಗ್ರಹಕ್ಕೆ ಅಡ್ಡಬೀಳಬೇಡ.

ಮೇಲ್ನೋಟಕ್ಕೆ ಇವು ಪಾದ್ರಿಯ ಮಡಿ ಅನ್ನಿಸುತ್ತವೆ. ನಾವೂ ಮೊದಲು ಹಾಗೇ ಅಂದುಕೊಂಡು ಸಿಟ್ಟಾದೆವು. ನಿಧಾನವಾಗಿ ಕೇರಿಯೊಳಗಿಂದ ನೋಡಿದರೆ ಬೇರೆಯೇ ಕಾಣುತ್ತದೆ. ಜೀತದವನಿಗೆ ರಜ ಅನ್ನೋದು ಯಾವತ್ತು ಇತ್ತು? ರೈತನಿಗೆ ಕಪಿಲೆ ಬಾನಿ ಹೊಲಿದು, ಮೆಟ್ಟು ಹೊಲಿದು, ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತು ಆಯದ ಕಾಳಿಗೆ ಮಡಿಲೊಡ್ಡುವ ಮಾದಿಗನಿಗೆ ಇವತ್ತು ಬರೋಲ್ಲ ಅನ್ನುವ ಹಕ್ಕು ಇರಲಿಲ್ಲ. ಏಳು ದಿನಕ್ಕೊಂದು ದಿನ ಬರೋಲ್ಲ ಅಂತ ಕೇರಿಗೆ ಕೇರಿಯೇ ಅಂದರೆ ಅದು ಪ್ರಾರ್ಥನೆಯಷ್ಟೇ ಅಲ್ಲ, ಮುಷ್ಕರ. ಜಮೀನಿನವರಿಗೆ ಅದು ತಕ್ಷಣ ಅರ್ಥವಾಯಿತು. ಯೇಸುವಿನ ಮೇಲೆ ಅವರಿಗೆ ತಕರಾರಿರಲಿಲ್ಲ, ಭಾನುವಾರದ ಮೇಲೆ ಇತ್ತು. ಕರಣ, ಮುನ್ಸೀಫರು ಸೇರಿಕೊಂಡು ಬಾವಿ ನೀರು ತಡೆದರು, ಅಂಗಡಿ ಸಾಮಾನು ತಡೆದರು, ಸುಳ್ಳು ಕೇಸು ಹಾಕಿದರು. ನಮ್ಮ ಕಾಲದ ಸಾಮಾಜಿಕ ಬಹಿಷ್ಕಾರ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸತ್ತ ದನದ ಮಾತು ಇನ್ನೂ ಬಿಗಿ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ನಮ್ಮ ಜನಕ್ಕೆ ಹೇಳಿದ ಮಾತುಗಳಲ್ಲಿ ಇದೂ ಒಂದು. ಬಿಡಿ ಅಂದರು, ಬಿಟ್ಟರು. ಅಲ್ಲಿ ಹೇಳಿದವನು ನಮ್ಮವನು, ಇಲ್ಲಿ ಹೇಳಿದವನು ದೊರೆ. ಮಾತು ಒಂದೇ ಆದರೂ ಬಾಯಿ ಬೇರೆ. ಆ ವ್ಯತ್ಯಾಸ ನಮಗೆ ಮುಖ್ಯ.

ಮೂರನೆಯದರಲ್ಲಿ ನಮಗೆ ಇವತ್ತಿಗೂ ಮನಸ್ಸು ಒಂದಾಗಿಲ್ಲ. ವಿಗ್ರಹ ಬೇಡ ಅಂದಾಗ ಜೊತೆಗೆ ತಮಟೆಯೂ ಹೋಯಿತು. ಊರ ಜಾತ್ರೆಯಲ್ಲಿ ಬಡಿಯೋದು ಬೇಡ ಎಂದಾಯಿತು. ತಮಟೆ ಇಲ್ಲದ ನಮ್ಮ ಮೆರವಣಿಗೆಯನ್ನು ನೆನೆಸಿಕೊಳ್ಳಿ! ನಮ್ಮ ಹಾಡುಗಳೆಲ್ಲಾ ಆ ಚರ್ಮದ ಮೇಲೆ ಹುಟ್ಟಿದಂಥವು. ಅದನ್ನು ಪಾಪ ಅಂದ ಪ್ರೀತಿ ಎಂಥ ಪ್ರೀತಿ ಅಂತ ಒಂದು ಮನಸ್ಸು ಕೇಳುತ್ತದೆ. ಇನ್ನೊಂದು ಮನಸ್ಸು ಹೇಳುತ್ತದೆ: ಅವತ್ತು ಆ ತಮಟೆ ನಮ್ಮ ಕೈಯಲ್ಲಿದ್ದರೂ ನಮ್ಮದಾಗಿರಲಿಲ್ಲ. ಊರವರು ಕರೆದಾಗ ಬಡಿಯಬೇಕು, ಗುಡಿಯಿಂದ ದೂರ ನಿಂತು ಬಡಿಯಬೇಕು, ಎಸೆದದ್ದನ್ನು ಆರಿಸಿಕೊಳ್ಳಬೇಕು. ಬಿಟ್ಟಿ ಚಾಕರಿಯ ತಮಟೆ. ಅದನ್ನು ಕೆಳಗಿಟ್ಟದ್ದು ಮಾದಿಗ ಊರಿಗೆ ಹೇಳಿದ ಮೊದಲ 'ಆಗೋದಿಲ್ಲ'. ಎರಡು ಮನಸ್ಸೂ ನಮ್ಮವೇ. ಇರಲಿ ಬಿಡಿ.

ಅಂದಹಾಗೆ, ಈ ಕೇರಿಯ ಹಿರಿಯರ ಬಾಯಿಂದಲೇ ಅವರ ಹಳೇ ಗುರುಗಳ, ದೇವತೆಗಳ ಕಥೆಗಳನ್ನು ಕೇಳಿ 1899ರಲ್ಲಿ ಪುಸ್ತಕ ಮಾಡಿದವಳು ಕ್ಲೌನ ಎರಡನೆಯ ಹೆಂಡತಿ ಎಮ್ಮಾ ರೌಶೆನ್‌ಬುಶ್. ಹೆಣ್ಣಿನ ಹಕ್ಕಿನ ಬಗ್ಗೆ ಬರೆದ ಇಂಗ್ಲೆಂಡಿನ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಮೇಲೆ ಅಧ್ಯಯನ ಮಾಡಿದ್ದ ಹೆಂಗಸು. ಚಪ್ಪಲಿ ಹೊಲೆಯುತ್ತಾ ಹೇಳಿದ ಕಥೆಗಳು ಅನ್ನೋ ಅರ್ಥದ ಹೆಸರು ಅದಕ್ಕೆ. ತಮಟೆ ಬಿಡಿಸಿದ ಮನೆಯಿಂದಲೇ ನಮ್ಮ ಕಥೆ ಉಳಿಸುವ ಕೆಲಸವೂ ನಡೆಯಿತು. ಚರಿತ್ರೆ ಅಷ್ಟು ನೇರವಾಗಿ ಯಾರ ಕೈಗೂ ಸಿಗೋದಿಲ್ಲ.

ನಮ್ಮ ಕನ್ನಡ ಸೀಮೆಯ ಒಂದು ಸಂಗತಿಯನ್ನೂ ಇಲ್ಲಿ ಸೇರಿಸಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಜಾತಿ ಇಟ್ಟುಕೊಂಡು ಒಳಗೆ ಬರೋಹಾಗಿಲ್ಲ ಅಂತ ಮೊದಲೇ ಹೇಳಿತ್ತು. ಒಳಗೆ ಬಂದ ಬಿಲ್ಲವರು ಹೆಂಡ ಇಳಿಸೋದು ಬಿಡಬೇಕಾಯಿತು. ಕಸುಬು ಹೋಯಿತು, ಧಣಿಯ ಜಾಗದಲ್ಲಿದ್ದ ಗುಡಿಸಲೂ ಹೋಯಿತು. ಬನ್ನಿ ಅಂತ ಕರೆದರೆ ಸಾಲದು, ಬಂದವನು ನಾಳೆ ಬೆಳಗ್ಗೆ ಎದ್ದು ಏನು ಕೆಲಸ ಮಾಡಬೇಕು ಅನ್ನೋದಕ್ಕೂ ಉತ್ತರ ಬೇಕು ಅಂತ ಮಿಷನ್ನಿಗೆ ತಿಳಿಯಿತು. ನೇಯ್ಗೆ ಬಂತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಮಂಗಳೂರು ಹೆಂಚು ನಮ್ಮ ಶಾಲೆಗಳ ತಲೆಯ ಮೇಲೆ ಕೂತದ್ದು ಹಾಗೆ. ಕಾರ್ಖಾನೆಯೊಳಗೆ ಗಂಟೆ ಹೊಡೆತ, ಶಿಸ್ತು, ದಂಡ ಎಲ್ಲಾ ಇತ್ತು. ಅದನ್ನು ಸ್ವರ್ಗ ಅಂತ ನಾವು ಹೇಳುತ್ತಿಲ್ಲ. ಆದರೆ ಪ್ರೀತಿ ಅನ್ನೋದಕ್ಕೆ ಕೂಲಿಯ ಲೆಕ್ಕವೂ ಇದೆ ಅನ್ನೋದು ಅಲ್ಲಿ ಗೊತ್ತಾಯಿತು.

ಒಂಗೋಲಿನಲ್ಲಿ ಅದು ಗೊತ್ತಾದದ್ದು ಬರಗಾಲದಲ್ಲಿ. 1876ರಲ್ಲಿ ಮಳೆ ಕೈಕೊಟ್ಟಿತು. ಧಾತು ಸಂವತ್ಸರ, ಅದರ ಹಿಂದೆ ಈಶ್ವರ ಸಂವತ್ಸರ. ನಮ್ಮ ಹಳ್ಳಿಗಳಲ್ಲಿ ಈಗಲೂ ಮುದುಕರು ದಾತು ಬರ ಅಂತ ಹೇಳೋದು ಇದನ್ನೇ. ಮೈಸೂರು ಸೀಮೆಯಲ್ಲಿ 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಜನ 1881ರಲ್ಲಿ 42 ಲಕ್ಷಕ್ಕೂ ಕಡಿಮೆಯಾದರು. ಹೀಗೆ ಎಣಿಕೆಯಿಂದ ಬಿಟ್ಟುಹೋದವರಲ್ಲಿ ಎಷ್ಟು ಜನ ಕೇರಿಯವರು ಅಂತ ಊಹೆ ಮಾಡಲು ಪಂಡಿತರು ಬೇಕಿಲ್ಲ. ಹೊಲವಿಲ್ಲದವನೇ ಮೊದಲು ಸಾಯೋದು. ಮದರಾಸು ಪ್ರಾಂತ್ಯದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬಂದು ಕಾಮಗಾರಿಯ ಕೂಲಿಯನ್ನು ಕತ್ತರಿಸಿದ. ಇಡೀ ದಿನ ಅಗೆದ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಅದರ ಮೇಲೆ ಒಂದಿಷ್ಟು ಚಿಲ್ಲರೆ. ಸರ್ಕಾರವೂ ತಕ್ಕಡಿ ಹಿಡಿದೇ ನಿಂತಿತ್ತು.

ಆಗ ಬಕಿಂಗ್‌ಹ್ಯಾಂ ಕಾಲುವೆ ತೋಡುವ ಕೆಲಸ ನಡೆದಿತ್ತು. ಸರ್ಕಾರಿ ಕಾಮಗಾರಿಯಲ್ಲಿ ಮೇಸ್ತ್ರಿ, ಮೇಲ್ವಿಚಾರಕರೆಲ್ಲಾ ಮೇಲುಜಾತಿಯವರು. ಮಾದಿಗ ಅಗೆದ ಗುಂಡಿ ಅಳೆಯುವಾಗ ಅವರ ಅಳತೆಗೋಲು ಉದ್ದವಾಗೋದು, ಕೂಲಿ ಕೊಡುವಾಗ ಕೈ ಗಿಡ್ಡವಾಗೋದು. ಕ್ಲೌ ಸುಮಾರು ಮೂರು ಮೈಲಿ ಕಾಲುವೆಯನ್ನು ತಾನೇ ಗುತ್ತಿಗೆ ಹಿಡಿದ. ಹಳೇ ಸರ್ವೆಯವನಲ್ಲವೇ, ಅಳತೆ ಗೊತ್ತಿತ್ತು. ಕೇರಿಯಿಂದ ಬಂದ ಉಪದೇಶಿಗಳನ್ನೇ ಮೇಲ್ವಿಚಾರಕರನ್ನಾಗಿ ನಿಲ್ಲಿಸಿದ. ಮಾದಿಗನ ಕೆಲಸವನ್ನು ಮಾದಿಗನೇ ಅಳೆದು ಕೂಲಿ ಬರೆದದ್ದು ಆ ಸೀಮೆಗೆ ಹೊಸದು. ನೆರಳಲ್ಲಿ ಕೂತು ಸುಧಾರಿಸಿಕೊಳ್ಳುವಾಗ ಉಪದೇಶಿಗಳು ಮಾತಾಡುತ್ತಿದ್ದರು. ದುಡಿದು ದಣಿದವರು ನನ್ನ ಬಳಿ ಬನ್ನಿ ಎಂಬ ಅರ್ಥದ ಯೇಸುವಿನ ಮಾತು ಸಲಿಕೆ ಹಿಡಿದವರ ಕಿವಿಗೆ ಬೇರೆಯೇ ಥರ ಕೇಳಿಸಿರಬೇಕು.

ಇನ್ನು ಆ ಮೇಷ್ಟರ ಮಾತಿಗೆ ಬರೋಣ. ಅನ್ನ ಹಾಕಿದರು, ಮುಳುಗಿ ಎದ್ದರು ಅಂದರಲ್ಲ. ನಡೆದದ್ದು ಉಲ್ಟಾ. ಬರಗಾಲ ಜೋರಾಗಿದ್ದ ಸುಮಾರು 15 ತಿಂಗಳು ಒಂಗೋಲಿನ ಮಿಷನ್ ಒಬ್ಬರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಕೇಳಿದವರನ್ನೆಲ್ಲಾ ತಡಿ ಅಂದಿತು. ಹೊಟ್ಟೆಗಾಗಿ ಬಂದರು ಅನ್ನೋ ಮಾತು ಬರಬಾರದು ಅಂತ. ಅನ್ನ ಸಿಗುವಾಗ ನೀರು ಸಿಗಲಿಲ್ಲ. ಇದರಲ್ಲೂ ನಮಗೆ ಒಂದು ತಕರಾರಿದೆ. ಹಸಿದವನ ಮನಸ್ಸನ್ನು ಅನುಮಾನಿಸಿದ್ದು ಇಲ್ಲಿ ಚರ್ಚು ಕೂಡ. ತಕ್ಕಡಿಯನ್ನು ಅದೂ ಪೂರ್ತಿ ಕೆಳಗಿಡಲಿಲ್ಲ.

1878ರ ಮಧ್ಯದ ಹೊತ್ತಿಗೆ ಕಾಮಗಾರಿ ಮುಗಿದಿತ್ತು, ಪರಿಹಾರದ ಹಣ ಖಾಲಿಯಾಗಿತ್ತು. ಕ್ಲೌ ಉಪದೇಶಿಗಳಿಗೆ ಒಂಗೋಲಿನ ಉತ್ತರಕ್ಕೆ ಗುಂಡ್ಲಕಮ್ಮ ನದಿಯ ಹತ್ತಿರ ವೆಲ್ಲಂಪಲ್ಲಿಯಲ್ಲಿ ಸೇರೋಣ, ನೀವಷ್ಟೇ ಬನ್ನಿ, ಜನರನ್ನು ಕರೆತರಬೇಡಿ ಅಂತ ಹೇಳಿಕಳಿಸಿದ. ಜನ ಕೇಳಲಿಲ್ಲ. ಸಾವಿರಗಟ್ಟಲೆ ಬಂದು ಮರಗಳ ಕೆಳಗೆ ಬೀಡುಬಿಟ್ಟರು. ಕ್ಲೌ ಎದ್ದು ನಿಂತು ನನ್ನ ಹತ್ತಿರ ಕೊಡಲು ಏನೂ ಉಳಿದಿಲ್ಲ, ಮನೆಗೆ ಹೋಗಿ ಅಂದ. ನಾವು ದುಡ್ಡು ಕೇಳಲು ಬಂದಿಲ್ಲ, ದುಡಿದು ತಿನ್ನುತ್ತೇವೆ ಅನ್ನೋದಕ್ಕೆ ಕೈಯಲ್ಲಿ ಎದ್ದ ಬೊಕ್ಕೆಗಳೇ ಸಾಕ್ಷಿ, ಮುಂದಿನ ಬೆಳೆಯೂ ಹೋದರೆ ಸಾಯ್ತೇವೆ, ಸಾಯೋದಾದರೆ ಕ್ರೈಸ್ತರಾಗಿ ಸಾಯ್ತೇವೆ ಅನ್ನೋದು ಅವರ ಉತ್ತರದ ಸಾರ.

ಜುಲೈ 3ರಂದು ಒಂದೇ ದಿನ 2,222 ಜನಕ್ಕೆ ದೀಕ್ಷಾಸ್ನಾನವಾಯಿತು. ಮುಂಜಾನೆ ಶುರು, ಮಧ್ಯಾಹ್ನದ ಬಿಸಿಲಿಗೆ ನಿಲುಗಡೆ, ಮತ್ತೆ ಸಂಜೆಯವರೆಗೆ. ಆರು ಜನ ಉಪದೇಶಿಗಳು, ಇಬ್ಬಿಬ್ಬರಾಗಿ ನೀರಲ್ಲಿ ನಿಂತು, ದಣಿದವರು ಮೇಲೆ ಬಂದಾಗ ಇನ್ನಿಬ್ಬರು ಇಳಿದು. ನೀರಲ್ಲಿ ಮುಳುಗಿಸಿದ ಕೈಗಳು ದೊರೆಯವಲ್ಲ, ಕೇರಿಯಿಂದ ಬಂದವರವು. ಆ ಮೂರು ದಿನಕ್ಕೆ 3,536; ವರ್ಷದ ಕೊನೆಗೆ 9,606.

ಈ ಸಂಖ್ಯೆ ಹೊರಗೆ ತಿಳಿದಾಗ ಅನುಮಾನ ಎದ್ದದ್ದು ಮತ್ತೆ ಕ್ರೈಸ್ತರಲ್ಲೇ. ಇಷ್ಟು ಬೇಗ? ಇಷ್ಟೊಂದು? ಇವರಿಗೇನು ತಿಳಿದೀತು? ಅಕ್ಕಿ ಕ್ರೈಸ್ತರು ಅನ್ನೋ ಅಡ್ಡಹೆಸರು ಇಂಗ್ಲಿಷಿನಲ್ಲಿ ಹುಟ್ಟಿದ್ದು, ನಮ್ಮ ಮೇಷ್ಟರು ಅದನ್ನು ಕನ್ನಡ ಮಾಡಿಕೊಂಡಿದ್ದರು ಅಷ್ಟೇ.

ಒಳಗೆ ಹೋದ ಮೇಲೆ ಎಲ್ಲಾ ಸರಿಹೋಯಿತೇ? ಇಲ್ಲ. ತೆಲುಗು ಸೀಮೆಯಲ್ಲಿ ಮಾದಿಗರು ಹೆಚ್ಚಾಗಿ ಬ್ಯಾಪ್ಟಿಸ್ಟರಾದರೆ ಮಾಲರು ಹೆಚ್ಚಾಗಿ ಬೇರೆ ಮಿಷನ್ನುಗಳಿಗೆ ಹೋದರು. ನಮ್ಮಲ್ಲಿನ ಹೊಲೆಯ ಮಾದಿಗ ಅನ್ನೋ ಗೆರೆಯನ್ನೇ ಅಲ್ಲಿ ಚರ್ಚುಗಳ ನಡುವೆ ಎಳೆದ ಹಾಗಾಯಿತು. ಕ್ಲೌ ಕೂಡ ಕೊನೆವರೆಗೂ ದೊರೆಯೇ, 1910ರಲ್ಲಿ ಅಮೆರಿಕದಲ್ಲಿ ಸತ್ತ. ಮತಾಂತರವಾದವನ ಹಿಂದೆಯೇ ಜಾತಿಯೂ ನಡೆದು ಬರುತ್ತದೆ ಅಂತ ಅಂಬೇಡ್ಕರ್ ಭಾರತದ ಕ್ರೈಸ್ತರ ಸ್ಥಿತಿಯ ಬಗ್ಗೆ ಬರೆಯುವಾಗ ಮುಲಾಜಿಲ್ಲದೆ ಹೇಳಿದರು. ಇನ್ನು ಸರ್ಕಾರ. 1950ರ ರಾಷ್ಟ್ರಪತಿ ಆದೇಶ ಹಿಂದೂ ಅಲ್ಲದವನು ಪರಿಶಿಷ್ಟನಲ್ಲ ಅಂದಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆಗೆಯಿತು, ಕ್ರೈಸ್ತರಿಗೆ ತೆಗೆಯಲಿಲ್ಲ. ಮದರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲೆಯುತ್ತಿದ್ದ ಒಬ್ಬ ಕ್ರೈಸ್ತ ಆದಿದ್ರಾವಿಡ, ಸರ್ಕಾರ ಚಮ್ಮಾರರಿಗೆ ಕೊಡುವ ಪೆಟ್ಟಿಗೆ ಅಂಗಡಿ ತನಗೂ ಕೊಡಿ ಅಂತ ಸುಪ್ರೀಂ ಕೋರ್ಟಿನವರೆಗೆ ಹೋದ. ಮತ ಬಿಟ್ಟ ಮೇಲೂ ಅದೇ ಕಷ್ಟ ಅಷ್ಟೇ ಇದೆ ಅಂತ ಸಾಬೀತು ಮಾಡಿಲ್ಲ ಅಂತ 1985ರಲ್ಲಿ ಕೋರ್ಟು ಅರ್ಜಿ ತಳ್ಳಿತು. ಕೈಯಲ್ಲಿ ಅದೇ ಉಳಿ, ಅದೇ ದಾರ.

ಗೆಳೆಯರೇ, ಬೇರೆಯವರ ತಕ್ಕಡಿಯ ಬಗ್ಗೆ ಇಷ್ಟು ಹೊತ್ತು ಬರೆದೆವು. ನಮ್ಮದನ್ನೂ ಹೇಳಿಬಿಡಬೇಕು. ಎರಡು ವರ್ಷದ ಹಿಂದೆ ನಮ್ಮ ಓದುಗೂಟಕ್ಕೆ ಪಕ್ಕದ ಊರಿನ ಒಬ್ಬ ಹುಡುಗ ಬಂದ. ಅವರ ತಾತನ ಕಾಲದಲ್ಲೇ ಚರ್ಚಿಗೆ ಹೋದ ಮನೆ. ಅದೇ ಕೇರಿ, ಅದೇ ಬಾವಿಯ ತಂಟೆ. ನೀನು ನಮ್ಮವನು ಹೇಗಾಗ್ತೀಯಪ್ಪ, ನಿನ್ನ ಹತ್ತಿರ ಸರ್ಟಿಫಿಕೇಟೇ ಇಲ್ಲವಲ್ಲ ಅಂತ ನಮ್ಮಲ್ಲೊಬ್ಬ ತಮಾಷೆಗೆ ಅಂದ. ಎಲ್ಲರೂ ನಕ್ಕೆವು. ಮೇಷ್ಟರ ಕ್ಲಾಸಿನಲ್ಲಿ ನಕ್ಕ ಹಾಗೆಯೇ. ಅವನು ಮಾರನೇ ವಾರ ಬರಲಿಲ್ಲ. ಹುಡುಕಿಕೊಂಡು ಹೋಗಿ ಕರೆತರಲು ನಮಗೆ ನಾಲ್ಕು ತಿಂಗಳು ಬೇಕಾಯಿತು. ಈ ಬರಹಕ್ಕೆ ಬೇಕಾದ ಎಷ್ಟೋ ಸಂಗತಿ ಹುಡುಕಿಕೊಟ್ಟವನು ಅವನೇ.

ಮೊನ್ನೆ ಹಬ್ಬಕ್ಕೆ ಊರಿಗೆ ಹೋದಾಗ ವೆಲ್ಲಂಪಲ್ಲಿಯ ಕಥೆಯನ್ನು ನಮ್ಮವ್ವನಿಗೆ ಹೇಳಿದೆವು. ರಾಗಿ ಕೇರುತ್ತಾ ಕೂತಿದ್ದಳು. ದೇವರು ಯಾವನು, ಪಾದ್ರಿ ಯಾವನು ಅಂತ ಕೇಳಲಿಲ್ಲ. ಮೊರ ಕೆಳಗಿಟ್ಟು ಕೇಳಿದಳು:

"ಅಷ್ಟೂ ಜನ ಹೊಳೆಗೆ ಇಳುದ್ರಾ? ನಮ್ಮೋರು?"

"ಹೂನವ್ವ."

"ಯಾರೂ ಬಡೀಲಿಲ್ವಾ?"

ನಮ್ಮೂರ ಕಲ್ಯಾಣಿಯ ಮೆಟ್ಟಿಲಿಗೆ ಅವಳು ಒಂದು ದಿನವೂ ಕಾಲಿಟ್ಟವಳಲ್ಲ. ಇಲ್ಲವ್ವ, ಬೆಳಗ್ಗೆಯಿಂದ ಸಂಜೆ ತನಕ ಒಬ್ಬರಾದ ಮೇಲೆ ಒಬ್ಬರು ಇಳಿದರು, ಕೈ ಹಿಡಿದು ಇಳಿಸಿದವರೂ ನಮ್ಮೋರೇ ಅಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಮೊರ ಎತ್ತಿಕೊಂಡಳು.